ಕಾಯಿಸಿದಾಗ ಬದಲಾದದ್ದು ರೂಪವೋ, ವಸ್ತುವೋ? ಮನೆಯಲ್ಲೂ ಶಾಲೆಯಲ್ಲೂ ಕಂಡುಹಿಡಿಯುವ ಸಮಗ್ರ ಮಾರ್ಗದರ್ಶಿ

ಭೌತಿಕ ಬದಲಾವಣೆ ಯಾವುದು, ರಾಸಾಯನಿಕ ಬದಲಾವಣೆ ಯಾವುದು ಅಂತ ಹೈಸ್ಕೂಲ್ ಮಕ್ಕಳನ್ನು ಕೇಳಿ ನೋಡಿ. ಥಟ್ಟನೆ ಉತ್ತರ ಬರುತ್ತದೆ: ಹಿಂದಕ್ಕೆ ತರಲು ಬಂದರೆ ಭೌತಿಕ, ಬರದಿದ್ದರೆ ರಾಸಾಯನಿಕ. ಪರೀಕ್ಷೆಗೆ ಇದು ಸಾಕಾಗಬಹುದು. ಒಲೆಯ ಮುಂದೆ ನಿಂತಾಗ ಸಾಕಾಗುವುದಿಲ್ಲ. ನಾಗರ ಪಂಚಮಿಗೆ ಹುರಿದ ಜೋಳದ ಅಳ್ಳನ್ನು ಮತ್ತೆ ಕಾಳು ಮಾಡೋಕೆ ಆಗುತ್ತಾ? ಆಗಲ್ಲ. ಆದರೆ ಅಳ್ಳು ಅರಳಿದ್ದು ಕಾಳಿನೊಳಗಿನ ನೀರು ಆವಿಯಾಗಿ, ಒತ್ತಡ ತಾಳಲಾರದೆ ಸಿಪ್ಪೆ ಒಡೆದದ್ದರಿಂದ. ಒಳಗಿನ ಪಿಷ್ಟ ಉಬ್ಬಿದೆ, ಆದರೆ ಪಿಷ್ಟವಾಗಿಯೇ ಇದೆ. ಇನ್ನೊಂದು ಕಡೆ, ನೀಲಿ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಕಾಯಿಸಿದರೆ ಬಿಳಿ ಪುಡಿಯಾಗುತ್ತದೆ, ಎರಡು ಹನಿ ನೀರು ಬಿದ್ದರೆ ಮತ್ತೆ ನೀಲಿ. ಹಿಂದಕ್ಕೆ ಬಂತಲ್ವಾ? ಆದರೂ ಅದನ್ನು ರಾಸಾಯನಿಕ ಬದಲಾವಣೆ ಎಂದೇ ಎಣಿಸುತ್ತಾರೆ.

ಹಾಗಾಗಿ ಆ ಸೂತ್ರವನ್ನು ಸ್ವಲ್ಪ ಪಕ್ಕಕ್ಕಿಡಿ. ಕೇಳಬೇಕಾದ ಪ್ರಶ್ನೆ ಒಂದೇ: ಈಗ ಪಾತ್ರೆಯಲ್ಲಿರುವುದು ಮೊದಲಿದ್ದ ವಸ್ತುವೇನಾ, ಹೊಸದಾ? ಅದೇ ಆದರೆ ಭೌತಿಕ, ಹೊಸದಾದರೆ ರಾಸಾಯನಿಕ. ಈ ಪ್ರಶ್ನೆಗೆ ಕಣ್ಣಳತೆಯ ಉತ್ತರ ಸಾಲದು. ತಣಿಸಬೇಕು, ತೂಗಬೇಕು, ಹೊರಗೆ ಹೋದದ್ದನ್ನು ಹಿಡಿಯಬೇಕು. ಅದನ್ನೆಲ್ಲ ಹೇಗೆ ಮಾಡುವುದು ಎಂದು ಕೆಳಗೆ ಬರೆದಿದ್ದೇನೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಮನೆಗಳಲ್ಲಿ ಸಿಗುವ ಸಾಮಾನುಗಳನ್ನೇ ಹೆಚ್ಚಾಗಿ ತೆಗೆದುಕೊಂಡಿದ್ದೇನೆ.

ಮೊದಲು, ಏನನ್ನು ಕಾಯಿಸಬಾರದು

ಪ್ಲಾಸ್ಟಿಕ್ ಬೇಡ. ಪಿವಿಸಿ ಪೈಪು ಅಥವಾ ವೈರಿನ ಹೊದಿಕೆ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಗಂಟಲು ಸುಡುತ್ತದೆ. ನುಸಿ ಗುಳಿಗೆ ಬೇಡ, ಅದರ ಆವಿಯೂ ಒಳ್ಳೆಯದಲ್ಲ, ಬೆಂಕಿಯೂ ಬೇಗ ಹತ್ತುತ್ತದೆ. ಮೈಲುತುತ್ತ ವಿಷ. ಅದು ಮತ್ತು ಗಂಧಕ ಎರಡೂ ಶಾಲೆಯ ಪ್ರಯೋಗಾಲಯದಲ್ಲಿ, ಶಿಕ್ಷಕರ ಮುಂದೆ, ಕಿಟಕಿ ತೆರೆದು ಮಾಡುವಂಥವು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಏನನ್ನೂ ಕಾಯಿಸಬೇಡಿ, ಸಿಡಿಯುತ್ತದೆ. ಪ್ರಯೋಗಕ್ಕೆ ಬಳಸಿದ ಪಾತ್ರೆ ಮತ್ತೆ ಅಡುಗೆಗೆ ಬೇಡ, ಹಳೆಯದೊಂದನ್ನು ಇದಕ್ಕೆಂದೇ ಎತ್ತಿಡಿ. ರುಚಿ ನೋಡುವ ಪದ್ಧತಿಯಂತೂ ಬೇಡವೇ ಬೇಡ.

ಹೆಜ್ಜೆ 1: ಕಾಯಿಸುವ ಮೊದಲೇ ಅರ್ಧ ಕೆಲಸ ಮುಗಿಸಿ

ಬಹಳ ಜನ ಮಾಡುವುದೇನು ಅಂದರೆ, ನೇರ ಒಲೆ ಹಚ್ಚುತ್ತಾರೆ, ಆಮೇಲೆ "ಮೊದಲು ಹೆಂಗಿತ್ತು?" ಅಂತ ನೆನಪು ಮಾಡಿಕೊಳ್ಳುತ್ತಾರೆ. ಹಾಗೆ ಬೇಡ. ವಸ್ತುವಿನ ಒಂದು ಚಿಟಿಕೆಯನ್ನು ಕಾಯಿಸದೆ ಪಕ್ಕದ ತಟ್ಟೆಯಲ್ಲಿ ಇಟ್ಟುಕೊಳ್ಳಿ. ಕೊನೆಗೆ ಹೋಲಿಸುವುದು ಇದರ ಜೊತೆಗೇ. ನೋಟ್‌ಬುಕ್ಕಿನಲ್ಲಿ ಬಣ್ಣ, ವಾಸನೆ, ಗಟ್ಟಿಯೋ ಪುಡಿಯೋ, ನೀರಿನಲ್ಲಿ ಕದಡುತ್ತದೋ ತಿಳಿಯಾಗಿ ಸೇರುತ್ತದೋ, ಕಾಂತಕ್ಕೆ ಅಂಟುತ್ತದೋ ಬರೆದುಕೊಳ್ಳಿ. ಪಾತ್ರೆಯನ್ನು ಖಾಲಿ ಇದ್ದಾಗ ಒಮ್ಮೆ, ವಸ್ತು ಹಾಕಿ ಒಮ್ಮೆ ತೂಗಿ. 0.1 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಇದ್ದರೆ ಸಾಕು. ಪುಡಿ ಒಣಗಿರಲಿ, ತೇವ ಇದ್ದರೆ ಮುಂದೆ ತೂಕದ ಲೆಕ್ಕವೆಲ್ಲ ಕೆಡುತ್ತದೆ.

ಜೊತೆಗೆ ಎರಡು ಸಾಮಾನು ಹಿಂದಿನ ದಿನವೇ ತಯಾರಿರಲಿ. ಒಂದು, ಸುಣ್ಣದ ತಿಳಿನೀರು: ಎಲೆ ಅಡಿಕೆಗೆ ಹಾಕುವ ಸುಣ್ಣ ಒಂದು ಚಮಚದಷ್ಟನ್ನು ನೀರಿನ ಬಾಟಲಿಯಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಅಲುಗಾಡಿಸದೆ ಬಸಿದುಕೊಳ್ಳುವುದು. ಕಾರ್ಬನ್ ಡೈಆಕ್ಸೈಡ್ ತಾಗಿದರೆ ಇದು ಹಾಲಿನಂತೆ ಬೆಳ್ಳಗಾಗುತ್ತದೆ. ಮುಚ್ಚಳ ಹಾಕಿಡಿ, ಇಲ್ಲದಿದ್ದರೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್‌ಗೇ ಮೇಲೆ ಕೆನೆ ಕಟ್ಟುತ್ತದೆ. ಇನ್ನೊಂದು, ಅರಿಶಿನ ಹಚ್ಚಿ ಒಣಗಿಸಿದ ಕಾಗದದ ಪಟ್ಟಿಗಳು. ಕ್ಷಾರ ಜಾಸ್ತಿ ಇದ್ದರೆ ಕೆಂಪಾಗುತ್ತವೆ.

ಹೆಜ್ಜೆ 2: ನಿಧಾನ ಉರಿ, ಸ್ಟೀಲ್ ಪಾತ್ರೆ

ಅಲ್ಯೂಮಿನಿಯಂ ಪಾತ್ರೆ ಬೇಡ. ಸೋಡಾದಂಥ ಕ್ಷಾರಗಳು ಅದನ್ನೇ ತಿನ್ನುತ್ತವೆ, ಆಗ ಬದಲಾದದ್ದು ವಸ್ತುವೋ ಪಾತ್ರೆಯೋ ಗೊತ್ತಾಗುವುದಿಲ್ಲ. ಒಗ್ಗರಣೆಗೆ ಬಳಸುವ ಸ್ಟೀಲ್ ಸೌಟು ಚೆನ್ನಾಗಿ ನಡೆಯುತ್ತದೆ. ಹಿಡಿಯಲು ಇಕ್ಕಳ ಇರಲಿ.

ಉರಿ ಸಣ್ಣದಿರಲಿ. ಜೋರು ಉರಿಯಲ್ಲಿ ಎರಡು ಮೂರು ಬದಲಾವಣೆಗಳು ಒಟ್ಟಿಗೇ ಆಗಿಬಿಡುತ್ತವೆ, ಯಾವುದು ಮೊದಲು ಯಾವುದು ಆಮೇಲೆ ಎಂಬುದು ಕೈತಪ್ಪುತ್ತದೆ. ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ನೀರು ಕುದಿಯುವಾಗ ಉಷ್ಣತೆ ಒಂದೇ ಅಂಕಿಯಲ್ಲಿ ನಿಂತುಬಿಡುತ್ತದೆ, ಎಷ್ಟೇ ಉರಿ ಹೆಚ್ಚಿಸಿದರೂ ಏರುವುದಿಲ್ಲ. ಧಾರವಾಡ ಸಮುದ್ರ ಮಟ್ಟಕ್ಕಿಂತ 700 ಮೀಟರಿಗೂ ಎತ್ತರದಲ್ಲಿರುವುದರಿಂದ ನಮ್ಮಲ್ಲಿ ಆ ಅಂಕಿ ಪೂರ್ತಿ 100 ಇರುವುದಿಲ್ಲ, ಸುಮಾರು 97-98 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಥರ್ಮಾಮೀಟರ್ ಕೆಟ್ಟಿದೆ ಅಂತ ಎಸೆಯಬೇಡಿ!

ಹೆಜ್ಜೆ 3: ಬಿಸಿ ಇರುವಾಗ ನೋಡಿ, ಆದರೆ ತೀರ್ಪು ಕೊಡಬೇಡಿ

ನನ್ನ ಪ್ರಕಾರ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಬಣ್ಣ ಬದಲಾಯಿತು, ಹೊಗೆ ಬಂತು, ಬುರುಗು ಎದ್ದಿತು, ಹಾಗಾದರೆ ರಾಸಾಯನಿಕ ಎಂದು ಬರೆದುಬಿಡುತ್ತಾರೆ.

ಬಣ್ಣವನ್ನೇ ತೆಗೆದುಕೊಳ್ಳಿ. ಬಿಳಿ ಜಿಂಕ್ ಆಕ್ಸೈಡ್ ಪುಡಿಯನ್ನು ಕಾಯಿಸಿದರೆ ಹಳದಿಯಾಗುತ್ತದೆ. ತಣಿದಾಗ ತಾನಾಗಿಯೇ ಬಿಳಿ. ಹೊಸ ವಸ್ತುವೇನೂ ಆಗಲಿಲ್ಲ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕೆಂಪಗೆ ಹೊಳೆಯುತ್ತದೆ, ಆ ಹೊಳಪು ಬರೀ ಬಿಸಿಯದ್ದು, ಅದು ಭೌತಿಕ. ಆದರೆ ಸುತ್ತಿಗೆ ಏಟು ಬಿದ್ದಾಗ ಕಬ್ಬಿಣದ ಮೈಯಿಂದ ಕಪ್ಪು ಪೊರೆ ಕಳಚಿ ಬೀಳುತ್ತದಲ್ಲ, ಅದು ಗಾಳಿಯ ಆಮ್ಲಜನಕ ಸೇರಿ ಆದ ಕಬ್ಬಿಣದ ಆಕ್ಸೈಡ್. ಅದು ರಾಸಾಯನಿಕ. ಒಂದೇ ಸಲಾಕೆ, ಒಂದೇ ಕುಲುಮೆ, ಎರಡು ಬಗೆ. ಇನ್ನೊಂದು ಮಾತು: ಆ ಪೊರೆಯನ್ನು ಕಾಂತದಿಂದ ಪರೀಕ್ಷಿಸಿ "ಅಂಟಿತು, ಹಾಗಾದರೆ ಕಬ್ಬಿಣವೇ" ಅನ್ನಬೇಡಿ. ಅದರಲ್ಲಿರುವ ಆಕ್ಸೈಡಿನ ಒಂದು ಬಗೆ ಕಾಂತಕ್ಕೆ ಅಂಟುತ್ತದೆ. ಅದು ಗಡುಸಾಗಿ, ಉಗುರಲ್ಲಿ ಮುರಿದರೆ ಪುಡಿಯಾಗುವ ಹಾಗಿರುತ್ತದೆ. ಕಬ್ಬಿಣ ಹಾಗೆ ಮುರಿಯುತ್ತದಾ?

ಬ್ಯಾಡಗಿ ಮೆಣಸಿನಕಾಯಿ ಇದಕ್ಕೆ ನನಗೆ ಬಹಳ ಇಷ್ಟದ ಉದಾಹರಣೆ. ಖಾರ ಕಡಿಮೆ, ಬಣ್ಣ ಜಾಸ್ತಿ ಎಂದೇ ಅದಕ್ಕೆ ಹೆಸರು. ಹದವಾಗಿ ಬಿಸಿಯಾದ ಎಣ್ಣೆಗೆ ಅದರ ಪುಡಿ ಹಾಕಿದರೆ ಎಣ್ಣೆ ಕೆಂಪಾಗುತ್ತದೆ. ಬಣ್ಣ ಬದಲಾಯಿತು ನಿಜ, ಆದರೆ ಸಿಪ್ಪೆಯೊಳಗಿದ್ದ ಬಣ್ಣವೇ ಎಣ್ಣೆಗೆ ಇಳಿಯಿತು ಅಷ್ಟೇ. ಇದು ಭೌತಿಕ. ಅದೇ ಎಣ್ಣೆ ಹೊಗೆಯಾಡುವಷ್ಟು ಕಾದಿದ್ದರೆ ಪುಡಿ ಕ್ಷಣದಲ್ಲಿ ಕಂದಾಗಿ ಕಪ್ಪಾಗುತ್ತದೆ, ಮನೆಯವರೆಲ್ಲ ಕೆಮ್ಮುತ್ತಾರೆ. ಈಗ ಆ ಕೆಂಪೇ ಸುಟ್ಟುಹೋಗಿದೆ. ಇದು ರಾಸಾಯನಿಕ.

ಗುಳ್ಳೆಗಳ ಬಗ್ಗೆಯೂ ಇದೇ ಎಚ್ಚರ. ಕುದಿಯುವ ನೀರಲ್ಲೂ ಗುಳ್ಳೆ, ಅಡುಗೆ ಸೋಡಾ ಬಿಸಿಗೆ ಒಡೆದು ಬೇರೆ ವಸ್ತುವಾಗುವಾಗಲೂ ಗುಳ್ಳೆ. ಗುಳ್ಳೆ ಬಂತೆಂದರೆ ಒಳಗೆ ಅನಿಲವಿದೆ ಎಂದಷ್ಟೇ ಅರ್ಥ. ಯಾವ ಅನಿಲ ಎಂಬುದನ್ನು ಮುಂದೆ ನೋಡೋಣ.

ಹೆಜ್ಜೆ 4: ಪೂರ್ತಿ ತಣಿಸಿ, ಎತ್ತಿಟ್ಟ ಚಿಟಿಕೆಯ ಪಕ್ಕ ಇಡಿ

ಕೈಯಲ್ಲಿ ಮುಟ್ಟುವಷ್ಟು ತಣಿಯಲಿ. ಅವಸರ ಬೇಡ. ಈಗ ಮೊದಲ ಹೆಜ್ಜೆಯಲ್ಲಿ ಬರೆದ ಗುಣಗಳನ್ನೆಲ್ಲ ಒಂದೊಂದಾಗಿ ಮತ್ತೆ ನೋಡಿ.

ಮೇಣದ ತುಂಡನ್ನು ಬಿಸಿನೀರಿನ ಮೇಲಿಟ್ಟ ಬಟ್ಟಲಲ್ಲಿ ಕರಗಿಸಿ ತಣಿಸಿದರೆ ಅದೇ ಮೇಣ, ಉಗುರಲ್ಲಿ ಗೀರಿದರೆ ಅದೇ ಮೆದು. ಕರ್ಪೂರವನ್ನು ಒಂದು ಸ್ಟೀಲ್ ಲೋಟದಲ್ಲಿ ಹಾಕಿ, ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ಬಾಯಿಗೆ ತಣ್ಣೀರು ತುಂಬಿದ ಬಟ್ಟಲು ಮುಚ್ಚಿಡಿ. ಒಲೆ ಆರಿಸಿರಬೇಕು, ಹತ್ತಿರ ದೀಪವೂ ಇರಬಾರದು. ಸ್ವಲ್ಪ ಹೊತ್ತಿಗೆ ಬಟ್ಟಲಿನ ತಳದಲ್ಲಿ ಬಿಳಿ ಹರಳು ಕೂತಿರುತ್ತದೆ. ಮೂಸಿ ನೋಡಿ, ಅದೇ ಕರ್ಪೂರ. ಘನದಿಂದ ನೇರ ಆವಿ, ಆವಿಯಿಂದ ನೇರ ಘನ. ಇದನ್ನೇ ಉತ್ಪತನ ಎನ್ನುವುದು. ಆರತಿ ತಟ್ಟೆಯಲ್ಲಿ ಹಚ್ಚಿದ ಕರ್ಪೂರದ ಕತೆಯೇ ಬೇರೆ: ಅದು ಉರಿದು ಕಾರ್ಬನ್ ಡೈಆಕ್ಸೈಡ್, ನೀರಾವಿ ಮತ್ತು ಕಾಡಿಗೆಯಾಗುತ್ತದೆ.

ಸಕ್ಕರೆಯಲ್ಲಿ ಜಾಣತನ ಬೇಕು. ಒಣ ಸಕ್ಕರೆಯನ್ನು ಸಣ್ಣ ಉರಿಯಲ್ಲಿ ಕಾಯಿಸಿದಾಗ ಅದು ಕರಗಿದಂತೆ ಕಾಣುತ್ತದೆ, ಆದರೆ ಕರಗುತ್ತಿರುವಾಗಲೇ ಒಡೆಯಲೂ ಶುರುವಾಗಿರುತ್ತದೆ. ಹಳದಿ, ಆಮೇಲೆ ಕಂದು, ಆಮೇಲೆ ಕಪ್ಪು. ತಣಿದ ಮೇಲೆ ನೀರಿಗೆ ಹಾಕಿ. ಎತ್ತಿಟ್ಟ ಸಕ್ಕರೆ ತಿಳಿಯಾಗಿ ಸೇರಿಹೋಗುತ್ತದೆ. ಕಂದಾದದ್ದು ನೀರಿಗೆ ಬಣ್ಣ ಬಿಡುತ್ತದೆ. ಪೂರ್ತಿ ಕಪ್ಪಾದದ್ದು ಸೇರುವುದೇ ಇಲ್ಲ, ತಳದಲ್ಲಿ ಇದ್ದಿಲಾಗಿ ಕೂರುತ್ತದೆ. ಹೊಸ ವಸ್ತು ಎನ್ನಲು ಇದಕ್ಕಿಂತ ಸಾಕ್ಷಿ ಬೇಕಾ?

ಶಾಲೆಯಲ್ಲಿ ಮಾಡುವುದಾದರೆ 7 ಗ್ರಾಂ ಕಬ್ಬಿಣದ ಪುಡಿ, 4 ಗ್ರಾಂ ಗಂಧಕ. ಸುಮ್ನೆ ಕಲಸಿಟ್ಟಾಗ ಕಾಂತ ಹಿಡಿದರೆ ಕಬ್ಬಿಣ ಮೇಲೆದ್ದು ಬರುತ್ತದೆ. ಪ್ರನಾಳದಲ್ಲಿ ಕಾಯಿಸಿದರೆ ಒಂದು ಹಂತದ ನಂತರ ಉರಿ ತೆಗೆದರೂ ತಾನೇ ಕೆಂಪಗೆ ಹೊಳೆಯುತ್ತಾ ಹೋಗುತ್ತದೆ. ತಣಿದ ಮೇಲೆ ಸಿಗುವ ಕಪ್ಪು ಗಟ್ಟಿಯಿಂದ ಕಾಂತ ಕಬ್ಬಿಣವನ್ನು ಬೇರ್ಪಡಿಸಲಾರದು. ಒಲೆ ಆರಿಸಿದರೂ ಶಾಖ ತಾನಾಗಿ ಬರುತ್ತಿದೆ ಅಂದರೆ ಅದು ರಾಸಾಯನಿಕ ಕ್ರಿಯೆಗೆ ಬಹಳ ಗಟ್ಟಿ ಸುಳಿವು, ಗುರುತಿಟ್ಟುಕೊಳ್ಳಿ.

ಹೆಜ್ಜೆ 5: ಮತ್ತೆ ತೂಗಿ

ತೂಕದಲ್ಲಿ ಮೂರು ಸಾಧ್ಯತೆ. ಹಾಗೇ ಇದ್ದರೆ ಭೌತಿಕ ಬದಲಾವಣೆ ಇರುವ ಸಾಧ್ಯತೆ ಜಾಸ್ತಿ, ಆದರೆ ಇದೂ ಖಾತ್ರಿಯಲ್ಲ: ಕಬ್ಬಿಣ ಗಂಧಕದ ಗಟ್ಟಿಯಲ್ಲೂ ತೂಕ ಹೆಚ್ಚುಕಡಿಮೆ 11 ಗ್ರಾಮೇ ಇರುತ್ತದೆ. ಹೆಚ್ಚಾದರೆ ಗಾಳಿಯಿಂದ ಏನೋ ಬಂದು ಸೇರಿದೆ, ಅದು ರಾಸಾಯನಿಕವೇ. ತಾಮ್ರದ ತಂತಿ ಕಾಯಿಸಿದಾಗ ಕಪ್ಪಾಗುವುದು ಹೀಗೆ. ಪ್ರಯೋಗಾಲಯದಲ್ಲಿ 2.4 ಗ್ರಾಂ ಮೆಗ್ನೀಷಿಯಂ ಪೂರ್ತಿ ಉರಿದು ಬೂದಿಯೆಲ್ಲ ಕೈಗೆ ಸಿಕ್ಕರೆ ತೂಕ 4 ಗ್ರಾಂ ಬರುತ್ತದೆ.

ಕಡಿಮೆಯಾದರೆ? ಇಲ್ಲಿ ನಿಲ್ಲಿ. ಒದ್ದೆ ಮರಳನ್ನು ಕಾಯಿಸಿದರೂ ತೂಕ ಇಳಿಯುತ್ತದೆ. ಹಾಗಾಗಿ ಇಳಿದ ತೂಕ ಎಷ್ಟು, ಹೋದದ್ದು ಏನು ಎರಡೂ ಬೇಕು. ಅಡುಗೆ ಸೋಡಾ 10 ಗ್ರಾಂ ತೂಗಿ, ಸ್ಟೀಲ್ ಪಾತ್ರೆಯಲ್ಲಿ ಕದಡುತ್ತಾ ಚೆನ್ನಾಗಿ ಕಾಯಿಸಿ, ತಣಿಸಿ ತೂಗಿ. ಮತ್ತೆ ಕಾಯಿಸಿ ಮತ್ತೆ ತೂಗಿ, ತೂಕ ಇಳಿಯುವುದು ನಿಲ್ಲುವವರೆಗೆ. ಪೂರ್ತಿ ಒಡೆದರೆ ಸುಮಾರು 6.3 ಗ್ರಾಂ ಉಳಿಯುತ್ತದೆ. ನೋಡಲು ಮೊದಲಿನಂತೆಯೇ ಬಿಳಿ ಪುಡಿ! ಕಣ್ಣು ನಂಬಿದ್ದರೆ ಏನೂ ಆಗಿಲ್ಲ ಎಂದು ಬರೆಯುತ್ತಿದ್ದೆವು. ಈಗ ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕದಡಿ ಅರಿಶಿನ ಕಾಗದ ಅದ್ದಿ. ಎತ್ತಿಟ್ಟ ಸೋಡಾ ಕಾಗದವನ್ನು ಅಷ್ಟಾಗಿ ಬದಲಿಸುವುದಿಲ್ಲ, ಕಾಯಿಸಿದ್ದು ಗಾಢ ಕೆಂಪು ಮಾಡುತ್ತದೆ. ಅಡುಗೆ ಸೋಡಾ ಹೋಗಿ ವಾಷಿಂಗ್ ಸೋಡಾ ಆಗಿದೆ.

ಇನ್ನು ತೂಕ ಕಳೆದುಹೋಗುತ್ತದೆ ಎಂದು ಮಕ್ಕಳು ಅಂದುಕೊಳ್ಳಬಾರದು. 1774ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ ತವರವನ್ನು ಗಾಜಿನ ಪಾತ್ರೆಯಲ್ಲಿ ಮುಚ್ಚಿ ಮೊಹರು ಮಾಡಿ ಕಾಯಿಸಿದ. ತವರ ಬೂದಿಯಾಯಿತು, ಒಟ್ಟು ತೂಕ ಬದಲಾಗಲಿಲ್ಲ. ಮೊಹರು ಒಡೆದಾಗ ಹೊರಗಿನ ಗಾಳಿ ಒಳನುಗ್ಗಿ ತೂಕ ಹೆಚ್ಚಾಯಿತು. ಒಳಗಿನ ಗಾಳಿಯ ಒಂದು ಭಾಗ ತವರಕ್ಕೆ ಸೇರಿಹೋಗಿತ್ತು. ತೂಗುವ ಹೆಜ್ಜೆಯನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಹೆಜ್ಜೆ 6: ಹೊರಗೆ ಹೋಗುವುದನ್ನು ಹಿಡಿಯಿರಿ

ತಣ್ಣನೆಯ ಸ್ಟೀಲ್ ತಟ್ಟೆಯನ್ನು ಪಾತ್ರೆಯ ಮೇಲೆ ಹಿಡಿದರೆ ನೀರಾವಿ ಹನಿಗಟ್ಟುತ್ತದೆ. ಒಣಗಿದ ಸಕ್ಕರೆಯಿಂದ, ಒಣಗಿದ ಸೋಡಾದಿಂದ ನೀರು ಬಂತೆಂದರೆ ವಸ್ತುವೇ ಒಡೆಯುತ್ತಿದೆ ಎಂದು ಅರ್ಥ. ಆದರೆ ಒಂದು ಮೋಸವಿದೆ, ಇದನ್ನು ಯಾರೂ ಹೇಳುವುದಿಲ್ಲ. ಗ್ಯಾಸ್ ಒಲೆಯ ಉರಿಯೇ ನೀರಾವಿಯನ್ನೂ ಕಾರ್ಬನ್ ಡೈಆಕ್ಸೈಡನ್ನೂ ಕೊಡುತ್ತದೆ! ತಟ್ಟೆಯ ಮೇಲಿನ ಹನಿ ಸೋಡಾದ್ದೋ ಸಿಲಿಂಡರಿನದ್ದೋ ಹೇಗೆ ಗೊತ್ತಾಗಬೇಕು? ಅದಕ್ಕೇ ಮೊದಲು ಖಾಲಿ ಪಾತ್ರೆ ಇಟ್ಟು, ಅಷ್ಟೇ ಉರಿಯಲ್ಲಿ, ಅಷ್ಟೇ ಹೊತ್ತು ತಟ್ಟೆ ಹಿಡಿದು ನೋಡಿ. ವಿದ್ಯುತ್ ಒಲೆ ಇದ್ದರೆ ಈ ತಲೆನೋವೇ ಇಲ್ಲ.

ಸುಣ್ಣದ ತಿಳಿನೀರಿನ ಪರೀಕ್ಷೆಗೆ ಶಾಲೆಯ ಪ್ರನಾಳ, ಬಿರಡೆ, ಬಾಗಿದ ಗಾಜಿನ ನಳಿಗೆಯೇ ಸರಿ. ಪ್ರನಾಳದಲ್ಲಿ ಸೋಡಾ ಕಾಯಿಸಿ, ನಳಿಗೆಯ ತುದಿಯನ್ನು ತಿಳಿನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದಂತೆ ನೀರು ಬೆಳ್ಳಗಾಗುತ್ತದೆ. ಮುಗಿಸುವಾಗ ಮೊದಲು ನಳಿಗೆಯನ್ನು ನೀರಿನಿಂದ ಹೊರತೆಗೆಯಿರಿ, ಆಮೇಲೆ ಉರಿ ಆರಿಸಿ. ಉಲ್ಟಾ ಮಾಡಿದರೆ ತಣ್ಣೀರು ಹಿಂದಕ್ಕೆ ಎಳೆದುಕೊಂಡು ಬಿಸಿ ಪ್ರನಾಳ ಒಡೆಯುತ್ತದೆ.

ಹೆಜ್ಜೆ 7: ಹಂತ ಹಂತವಾಗಿ ಬಿಡಿಸಿ ಬರೆಯಿರಿ

ಬೆಣ್ಣೆ ಕಾಯಿಸುವುದು ಭೌತಿಕವೋ ರಾಸಾಯನಿಕವೋ ಎಂಬ ಪ್ರಶ್ನೆಯೇ ತಪ್ಪು. ಯಾವ ಹಂತ ಎಂದು ಕೇಳಬೇಕು. ಬೆಣ್ಣೆ ಮೊದಲು ಕರಗುತ್ತದೆ, ಭೌತಿಕ. ಆಮೇಲೆ ಚಟಪಟ ಸದ್ದು, ಬುರುಗು. ಬೆಣ್ಣೆಯಲ್ಲಿದ್ದ ನೀರು ಕುದಿದು ಹೋಗುತ್ತಿದೆ, ಅದೂ ಭೌತಿಕ. ಸದ್ದು ನಿಂತಿತೆಂದರೆ ನೀರು ಮುಗಿಯಿತು. ಉಷ್ಣತೆ ಈಗ ಮೇಲೇರುತ್ತದೆ. ಘಮ ಬರುವುದು, ತಳದ ಗಸಿ ಕಂದಾಗುವುದು ಇದರ ನಂತರವೇ. ಗಸಿಯಲ್ಲಿರುವ ಹಾಲಿನ ಪ್ರೋಟೀನ್ ಮತ್ತು ಸಕ್ಕರೆ ಸೇರಿ ಹೊಸ ವಸ್ತುಗಳಾಗುತ್ತಿವೆ, ರಾಸಾಯನಿಕ. ಮನೆಯಲ್ಲಿ ಅವ್ವ "ಸದ್ದು ನಿಂತಿತು, ಇನ್ನು ಒಲಿ ಬಿಟ್ಟು ಹೋಗಬ್ಯಾಡ" ಅನ್ನುತ್ತಾಳಲ್ಲ, ಅವಳು ಕಾಯುತ್ತಿರುವುದು ಈ ಗಡಿಯನ್ನೇ.

ಧಾರವಾಡ ಪೇಡಾ ಇದೇ ಕ್ರಿಯೆಯ ದೊಡ್ಡ ರೂಪ. ಹಾಲಿನಲ್ಲಿ ಶೇಕಡಾ 87ರಷ್ಟು ನೀರೇ. ಕಾಯಿಸಿ ಖವಾ ಮಾಡುವಾಗ ಮುಖ್ಯವಾಗಿ ಆಗುವುದು ಆ ನೀರು ಹೋಗುವುದು. ಖವಾವನ್ನು ಸಕ್ಕರೆ ಹಾಕಿ ಕಂದು ಬರುವವರೆಗೆ ಹುರಿಯುವಾಗ ಪ್ರೋಟೀನು ಮತ್ತು ಹಾಲಿನ ಸಕ್ಕರೆಯ ನಡುವೆ ಕ್ರಿಯೆ ನಡೆಯುತ್ತದೆ. 1912ರಲ್ಲಿ ಇದನ್ನು ವಿವರಿಸಿದ ಮೇಯಾರ್ ಎಂಬ ಫ್ರೆಂಚ್ ವಿಜ್ಞಾನಿಯ ಹೆಸರನ್ನೇ ಈ ಕ್ರಿಯೆಗೆ ಇಟ್ಟಿದ್ದಾರೆ. ಆ ಬಣ್ಣ, ಆ ವಾಸನೆ ಹಾಲಿನಲ್ಲೂ ಇರಲಿಲ್ಲ, ಸಕ್ಕರೆಯಲ್ಲೂ ಇರಲಿಲ್ಲ. ಜೋಳದ ರೊಟ್ಟಿಯೂ ಹಾಗೇ: ಹಂಚಿನ ಮೇಲೆ ಉಬ್ಬುವುದು ಆವಿಯಿಂದ, ಕಂದು ಚುಕ್ಕೆ ಬೀಳುವುದು ರಾಸಾಯನಿಕ ಕ್ರಿಯೆಯಿಂದ.

ಇದಕ್ಕಿಂತ ಕಷ್ಟದ್ದು ಬೇಕಾದರೆ ಕಲಾಯಿ ಹಾಕುವವರ ಮುಂದೆ ಮಕ್ಕಳನ್ನು ಸ್ವಲ್ಪ ದೂರ ನಿಲ್ಲಿಸಿ ತೋರಿಸಿ. ಹಿತ್ತಾಳೆ ಪಾತ್ರೆ ಕಾದು ಹಿಗ್ಗುತ್ತದೆ, ಭೌತಿಕ. ನವಸಾಗರದ (ಅಮೋನಿಯಂ ಕ್ಲೋರೈಡ್) ಪುಡಿ ಎರಚಿದಾಗ ದಟ್ಟ ಬಿಳಿ ಹೊಗೆ ಏಳುತ್ತದೆ. ನೋಡಿದರೆ ಕರ್ಪೂರದ ಹಾಗೆ ಬರೀ ಆವಿಯಾಯಿತು ಅನಿಸುತ್ತದೆ. ನಿಜದಲ್ಲಿ ನವಸಾಗರ ಬಿಸಿಗೆ ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆಯುತ್ತದೆ, ಮೇಲೆ ತಣ್ಣನೆ ಗಾಳಿಯಲ್ಲಿ ಎರಡೂ ಮತ್ತೆ ಸೇರಿ ನವಸಾಗರದ ಸಣ್ಣ ಕಣಗಳಾಗುತ್ತವೆ, ಅದೇ ಆ ಹೊಗೆ. ಪಾತ್ರೆಯ ಮೈ ಮೇಲಿನ ಆಕ್ಸೈಡಿನ ಕಿಲುಬನ್ನು ತೆಗೆಯುವ ಕೆಲಸವೂ ಅಲ್ಲೇ ನಡೆಯುತ್ತದೆ. ಇವೆರಡೂ ರಾಸಾಯನಿಕ. ಆಮೇಲೆ ತವರದ ಕಡ್ಡಿ ತಾಗಿಸಿದಾಗ 232 ಡಿಗ್ರಿಗೆ ಅದು ಕರಗಿ ಹರಿಯುತ್ತದೆ, ಹತ್ತಿಯಿಂದ ಸವರಿದರೆ ಬೆಳ್ಳಗೆ ಹರಡುತ್ತದೆ. ಕರಗಿದ್ದು, ಗಟ್ಟಿಯಾದದ್ದು ಭೌತಿಕ. ತವರ ಪಾತ್ರೆಗೆ ಅಂಟುವ ಜಾಗದಲ್ಲಿ ಮಾತ್ರ ತಾಮ್ರ ಮತ್ತು ತವರ ಸೇರಿದ ತೆಳು ಹೊಸ ಪದರವೊಂದು ಆಗುತ್ತದೆ. ಅದಕ್ಕೇ ಕಲಾಯಿ ಬಣ್ಣದ ಹಾಗೆ ಕಿತ್ತು ಬರುವುದಿಲ್ಲ.

ಗೆರೆ ಎಳೆಯಲು ಬಾರದ ಕಡೆ

ಮೈಲುತುತ್ತದ ಹರಳಿನಲ್ಲಿ ನೀರು ಸುಮ್ನೆ ತೇವವಾಗಿ ಕೂತಿರುವುದಿಲ್ಲ, ಬಂಧದಲ್ಲಿ ಸೇರಿಕೊಂಡಿರುತ್ತದೆ. 5 ಗ್ರಾಂ ಹದವಾಗಿ ಕಾಯಿಸಿದರೆ ಸುಮಾರು 3.2 ಗ್ರಾಂ ಬಿಳಿ ಪುಡಿ ಉಳಿಯುತ್ತದೆ. ಬಿಳಿಯಾದ ಮೇಲೂ ಜೋರಾಗಿ ಕಾಯಿಸುತ್ತಾ ಹೋದರೆ ಅದೂ ಒಡೆದು ಕೆಟ್ಟ ಅನಿಲ ಬಿಡುತ್ತದೆ, ಅಲ್ಲಿಗೇ ನಿಲ್ಲಿಸಿ. ನೀರು ಹಾಕಿದಾಗ ನೀಲಿಯಾಗುವುದರ ಜೊತೆಗೆ ಪ್ರನಾಳ ಬಿಸಿಯಾಗುತ್ತದೆ, ಕೈಯಿಂದ ಮುಟ್ಟಿ ನೋಡಿ.

ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿದಾಗ ಜಿಗಟು ಬರುವುದು ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಬಿಚ್ಚಿಕೊಳ್ಳುವುದರಿಂದ. ಪಿಷ್ಟದ ಸರಪಳಿ ಮುರಿಯುವುದಿಲ್ಲ. ಅಡುಗೆ ಎಂದರೆಲ್ಲ ರಾಸಾಯನಿಕ ಎಂದು ಹೇಳಿಕೊಟ್ಟಿರುತ್ತಾರೆ, ಇದನ್ನು ಹಾಗೆ ಬರೆಯಲು ನನಗೆ ಮನಸ್ಸಿಲ್ಲ. ಮೊಟ್ಟೆ ಬೇಯುವಾಗಲೂ ಪ್ರೋಟೀನ್ ಮೊದಲು ಮಡಿಕೆ ಬಿಚ್ಚುತ್ತದೆ, ಆಮೇಲೆ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ, ಹೊಸ ಬಂಧಗಳೂ ಆಗುತ್ತವೆ. ಇದನ್ನು ರಾಸಾಯನಿಕ ಎನ್ನುವುದು ಸರಿ.

ಶಿಕ್ಷಕರಿಗೆ ಒಂದು ವಿನಂತಿ. ಮಗು "ಮೊದಲ ಹಂತ ಭೌತಿಕ, ಯಾಕೆಂದರೆ ತಣಿದ ಮೇಲೆ ಗುಣ ಅದೇ ಇತ್ತು, ಎರಡನೇ ಹಂತ ರಾಸಾಯನಿಕ, ಯಾಕೆಂದರೆ ಒಣ ಪುಡಿಯಿಂದ ನೀರು ಬಂತು, ತೂಕ ಇಳಿಯಿತು" ಎಂದು ಕಾರಣ ಕೊಟ್ಟು ಬರೆದರೆ, ಉತ್ತರ ಪುಸ್ತಕದ ಒಂದೇ ಪದದ ಉತ್ತರಕ್ಕೆ ಹೊಂದದಿದ್ದರೂ ಪೂರ್ತಿ ಮಾರ್ಕ್ಸ್ ಕೊಡಿ.